ಶುಶ್ರೂಷೆ ಎಂದರೆ ಕೇಳುವ ಆಸೆ

ಬಿ.ಎ. ತರಗತಿಯ ಕಡೆಯ ವರ್ಷಕ್ಕೆ ಬಂದ ವಿದ್ಯಾರ್ಥಿಗೆ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲದ ಒಂದು ಪ್ರಶ್ನೆ ಎದುರಾಗುತ್ತದೆ. ‘ಮುಂದೇನು?’ ಎಂಬುದೇ ಆ ಪ್ರಶ್ನೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ನಲ್ಲಿಯ ಬಳಿಯಲ್ಲಿ, ಎಲ್ಲಿ ಸಿಕ್ಕಿದರೂ ಜನ ಇದನ್ನೇ ಕೇಳುತ್ತಾರೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ನಮ್ಮ ಸೋದರಮಾವನ ಉತ್ತರ ಬ್ಯಾಂಕು. ಅತ್ತೆಯ ಉತ್ತರ ಬಿ.ಎಡ್. ಪಕ್ಕದ ಮನೆಯವರ ಉತ್ತರ ಒಂದು ಒಳ್ಳೆಯ ಸಂಬಂಧ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಾದುದರಿಂದ ಈ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಎಲ್ಲರಿಗೂ ಇದೆಯೆಂದು ನಾನೂ ಒಪ್ಪುತ್ತೇನೆ.

ಆದರೆ ನನ್ನ ಮನಸ್ಸಿನಲ್ಲಿ ಇದ್ದದ್ದು ಇವು ಯಾವುವೂ ಅಲ್ಲ. ನರ್ಸಿಂಗ್ ಕಲಿಯಬೇಕೆಂಬ ಆಸೆ ಒಂದು ವರ್ಷದಿಂದ ನನ್ನಲ್ಲಿ ಬೇರೂರಿತ್ತು. ವಿಚಾರಿಸಿದಾಗ ತಿಳಿದುಬಂದದ್ದೇನೆಂದರೆ, ಬಿ.ಎಸ್ಸಿ. ನರ್ಸಿಂಗಿಗೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿರಬೇಕು. ಆದರೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಕ್ಕೆ ಕಲಾ ವಿಭಾಗದವರೂ ಸೇರಬಹುದು. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಇದ್ದು, ಶೇಕಡಾ 40 ಅಂಕ ಬಂದಿದ್ದರೆ ಸಾಕು. ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ, “ಮೂರು ವರ್ಷ ಬಿ.ಎ. ಓದಿ, ಇನ್ನು ಮೂರು ವರ್ಷ ಸೂಜಿ ಚುಚ್ಚೋದು ಕಲೀತಾಳಂತೆ!” ಎಂದು ನಕ್ಕರು. ಅಮ್ಮ ಏನೂ ಹೇಳಲಿಲ್ಲ. ಅಪ್ಪನಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಅಪ್ಪನ ವಿಷಯವನ್ನು ಮುಂದೆ ಹೇಳುತ್ತೇನೆ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರ ಬಂತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಯೋಜನೆ ಇದು. ಏಳು ದಿನ ಹಳ್ಳಿಯೊಂದರಲ್ಲಿದ್ದು ಕೆಲಸ ಮಾಡುವುದು ಇದರ ಕ್ರಮ. ನಾವು ಹೋದದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹೋಬಳಿಯ ಒಂದು ಹಳ್ಳಿಗೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಸೇರುವ ಕಾಲ. ಬೆಳಗ್ಗೆ ಎಂಟು ಗಂಟೆಯಾದರೂ ಎದುರಿಗಿರುವ ಬೆಟ್ಟ ಮಂಜಿನಲ್ಲಿ ಕಾಣುತ್ತಿರಲಿಲ್ಲ. ಹಳ್ಳಿಯ ತುಂಬ ಸೊಗಡಿನ ಅವರೆಕಾಯಿಯ ಪರಿಮಳ. ಏಳು ದಿನದಲ್ಲಿ ನಾವು ಆರು ಸಲ ಮುದ್ದೆ, ಅವರೆಕಾಳಿನ ಸಾರು ಉಂಡೆವೆಂದರೆ ಓದುಗರು ಹೊಟ್ಟೆಕಿಚ್ಚು ಪಡಬಾರದು.

ಶಿಬಿರದ ದಿನಚರಿ ಬಿಗಿಯಾಗಿತ್ತು. ಐದೂವರೆಗೆ ಏಳುವುದು, ಚರಂಡಿ, ಶಾಲೆಯ ಅಂಗಳಗಳ ಶ್ರಮದಾನ, ಒಂಬತ್ತಕ್ಕೆ ತಂಡತಂಡವಾಗಿ ಕೆಲಸಕ್ಕೆ ಹೊರಡುವುದು. ನಾನು ಬೇಡಿಕೊಂಡು ಆರೋಗ್ಯದ ತಂಡವನ್ನು ಸೇರಿದೆ. ಊರಿನ ಆರೋಗ್ಯ ಉಪಕೇಂದ್ರದಲ್ಲಿ ನರ್ಸಮ್ಮನವರ ಹಿಂದೆ ಮುಂದೆ ಓಡಾಡುವುದು ನಮ್ಮ ಪಾಲಿಗೆ ಬಂತು. ಸಂಜೆ ಐದರಿಂದ ಏಳರವರೆಗೆ ಬೇರೊಂದು ಪಾಠ. ಬೆಂಗಳೂರಿನಿಂದ ಬಂದ ಒಬ್ಬ ಕಿವುಡ ಶಿಕ್ಷಕರು ನಮಗೆ ಸನ್ನೆಭಾಷೆ ಕಲಿಸಿದರು. ಬೆಳಗಿನ ಕೆಲಸಕ್ಕೂ ಸಂಜೆಯ ಪಾಠಕ್ಕೂ ಸಂಬಂಧವಿದೆಯೆಂದು ಮೊದಲ ಮೂರು ದಿನ ಯಾರಿಗೂ ಹೊಳೆದಿರಲಿಲ್ಲ.

ನರ್ಸಮ್ಮನವರು ಮೊದಲ ದಿನ ಕಲಿಸಿದ್ದು ಕೈ ತೊಳೆಯುವುದನ್ನು. ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ, ಮಣಿಕಟ್ಟು ಎಂದು ಒಂದೊಂದನ್ನೂ ಬಿಡದೆ ಉಜ್ಜಿಸಿದರು. ಎರಡನೆಯ ದಿನ ನಾಡಿ ಹಿಡಿಯುವುದು. ಗಡಿಯಾರದ ಮುಳ್ಳು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ದೊಡ್ಡವರಿಗೆ 60ರಿಂದ 100 ಬಡಿತ ಸಹಜ. ಭೇದಿಯಾದ ಮಗುವಿಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಇವೆಲ್ಲ ಸಣ್ಣ ವಿಷಯಗಳೇ. ಆದರೆ ಇಂಥ ಸಣ್ಣ ವಿಷಯಗಳಿಂದಲೇ ಜನ ಬದುಕುತ್ತಾರೆ, ಇವು ತಪ್ಪಿದರೆ ಸಾಯುತ್ತಾರೆ ಎಂಬುದು ಆ ಕೊಠಡಿಯಲ್ಲಿ ಕುಳಿತವರಿಗೆ ತಿಳಿಯುತ್ತದೆ.

ನಾನು ಹೆಚ್ಚು ಗಮನಿಸಿದ್ದು ಅವರು ಸೂಜಿ ಚುಚ್ಚುವ ರೀತಿಯನ್ನಲ್ಲ, ಕೇಳುವ ರೀತಿಯನ್ನು. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಬಂದರೆ, “ರಾತ್ರಿ ಏನ್ ಉಂಡೆ ಅಜ್ಜಿ? ಮಗ ಫೋನ್ ಮಾಡಿದ್ನಾ? ಕಾಲು ಉರಿ ಹೆಂಗದೆ?” ಎಂದು ಕೇಳಿ ಸುಮ್ಮನಾಗುವರು. ಅಜ್ಜಿ ಮಗನಿಂದ ಶುರುಮಾಡಿ, ಸೊಸೆಯನ್ನು ಹಾದು, ಸೀಮೆಹಸುವಿನ ಕೆಚ್ಚಲು ಬಾವಿಗೆ ಹೋಗಿ, ಕಡೆಗೆ ಕಾಲಿನ ಹುಣ್ಣಿಗೆ ಬರುವರು. ಅಲ್ಲಿಯವರೆಗೂ ಕೇಳುವ ತಾಳ್ಮೆ ಇದ್ದವರಿಗೆ ಮಾತ್ರ ಆ ಹುಣ್ಣು ಸಿಕ್ಕೀತು.

ಇನ್ನು ಸಂಜೆಯ ಪಾಠ. ಶಿಕ್ಷಕರು ಹುಟ್ಟಿನಿಂದ ಕಿವುಡರು. ಅವರ ಮಗಳಿಗೆ ಕಿವಿ ಕೇಳುತ್ತದೆ, ಆಕೆಯೇ ದುಭಾಷಿ. ಅವರು ಮೊದಲು ಮಾಡಿದ ಕೆಲಸವೆಂದರೆ ಸಾಲಾಗಿ ಕುಳಿತಿದ್ದ ನಮ್ಮನ್ನು ಅರ್ಧಚಂದ್ರಾಕಾರವಾಗಿ ಕೂರಿಸಿದ್ದು. ಬೆನ್ನ ಹಿಂದೆ ಕುಳಿತವರ ಮಾತು ಈ ಭಾಷೆಯಲ್ಲಿ ಕೇಳಿಸದು! ಎರಡನೆಯದಾಗಿ, “ನಮ್ಮನ್ನು ಮೂಗರು ಎನ್ನಬೇಡಿ. ಕಿವುಡರು ಹೌದು, ಅದರಿಂದ ನಮಗೆ ಬೇಸರವಿಲ್ಲ. ಆದರೆ ನಾವು ದಿನವೆಲ್ಲ ಮಾತನಾಡುತ್ತೇವೆ” ಎಂದರು. ಎರಡನೆಯ ಸಂಜೆ ಕರೆಂಟು ಹೋಯಿತು. ನಾವು ಮೊಬೈಲುಗಳ ಬೆಳಕನ್ನು ಅವರ ಕೈಗಳ ಮೇಲೆ ಹಿಡಿದೆವು, ಪಾಠ ಮುಂದುವರಿಯಿತು. ನಮಗೆ ಮೆಚ್ಚುಗೆಯಾದಾಗ ಚಪ್ಪಾಳೆ ತಟ್ಟುವುದಿಲ್ಲ, ಎರಡು ಕೈಗಳನ್ನೂ ಮೇಲೆತ್ತಿ ಅಲ್ಲಾಡಿಸಬೇಕು. ಕತ್ತಲಲ್ಲಿ ಮೂವತ್ತು ಜನ ಹಾಗೆ ಕೈಯಾಡಿಸಿದ್ದನ್ನು ಕಂಡು ಬೀದಿಯ ಮಕ್ಕಳು ತಾವೂ ಕೈಯಾಡಿಸಿದರು.

ಸನ್ನೆಭಾಷೆಯೆಂದರೆ ತೋಚಿದಂತೆ ಕೈ ಬೀಸುವುದಲ್ಲ. ಅದಕ್ಕೆ ವ್ಯಾಕರಣವಿದೆ. ಭಾರತೀಯ ಸನ್ನೆಭಾಷೆಯಲ್ಲಿ ‘ಏನು’, ‘ಎಲ್ಲಿ’ ಎಂಬ ಪ್ರಶ್ನೆಯ ಪದಗಳು ವಾಕ್ಯದ ಕೊನೆಗೆ ಬರುತ್ತವೆ. ‘ನೋವು ಎಲ್ಲಿ?’ ಎಂದೇ ಕೇಳಬೇಕು. ಇಂಗ್ಲಿಷಿನವರಿಗೆ ‘ಇದು ಮರ’ ಎನ್ನಲು ನಡುವೆ ಒಂದು ಕ್ರಿಯಾಪದ ಬೇಕು. ಕನ್ನಡಕ್ಕೆ ಬೇಡ, ಸನ್ನೆಗೂ ಬೇಡ. ಹುಬ್ಬು, ಕಣ್ಣು, ತುಟಿಗಳ ಚಲನೆಯೂ ವ್ಯಾಕರಣದ ಭಾಗವೇ. ಮುಖ ಗಂಟು ಹಾಕಿಕೊಂಡು ಸನ್ನೆ ಮಾಡುವವನು ತೊದಲುವವನಿದ್ದಂತೆ. ಹೆಸರುಗಳನ್ನು ಬೆರಳಕ್ಷರಗಳಲ್ಲಿ ಹೇಳುವಾಗ ಇಂಗ್ಲಿಷಿನ ಐದು ಸ್ವರಗಳಿಗೆ ಎಡಗೈಯ ಐದು ಬೆರಳ ತುದಿಗಳು. ಪದೇ ಪದೇ ಅಕ್ಷರ ಬಿಡಿಸುವ ಕಷ್ಟವೇಕೆಂದು ಪ್ರತಿಯೊಬ್ಬರಿಗೂ ಒಂದು ಹೆಸರಿನ ಸನ್ನೆ ಇರುತ್ತದೆ. ಅದನ್ನು ನಾವೇ ಇಟ್ಟುಕೊಳ್ಳುವಂತಿಲ್ಲ, ಕಿವುಡರು ಕೊಡಬೇಕು. ನಾನು ಮಗ್ಗದ ಮನೆಯವಳೆಂದು ತಿಳಿದು ಅವರು ನನಗೆ ಲಾಳಿ ಅತ್ತಿತ್ತ ಓಡುವ ಸನ್ನೆಯನ್ನು ಹೆಸರಾಗಿ ಕೊಟ್ಟರು.

ಇಂಥ ಭಾಷೆಯನ್ನು ಲೋಕ ಬಹುಕಾಲ ಭಾಷೆಯೆಂದು ಒಪ್ಪಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತನ್ನೇ ಕಲಿಸಬೇಕು ಎಂದು ನಿರ್ಣಯ ಮಾಡಿತು. ಆ ನಿರ್ಣಯವನ್ನು ಅದೇ ಸಮ್ಮೇಳನದ ಮುಂದಿನವರು ತಿರಸ್ಕರಿಸಿದ್ದು 2010ರಲ್ಲಿ, ಕೆನಡದ ವ್ಯಾಂಕೂವರಿನಲ್ಲಿ. ನಡುವೆ 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಎಂಬ ವಿದ್ವಾಂಸರು ಸನ್ನೆಭಾಷೆಗೂ ಇತರ ಭಾಷೆಗಳಂತೆ ರಚನೆಯಿದೆ ಎಂದು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. 2018ರಲ್ಲಿ 3,000 ಪದಗಳಿಂದ ಆರಂಭವಾದ ಅದರ ನಿಘಂಟು 2021ರಲ್ಲಿ 10,000 ಪದಗಳಿಗೆ ಬೆಳೆಯಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಅಷ್ಟು ದೂರವೇಕೆ? ನಮ್ಮ ಊರಿನಿಂದ ಗೌರಿಬಿದನೂರಿನ ದಾರಿ ಹಿಡಿದರೆ ಆ ತಾಲ್ಲೂಕಿನಲ್ಲಿ ಅಲೀಪುರವಿದೆ. ಹುಟ್ಟುಕಿವುಡು ಹೆಚ್ಚಾಗಿರುವ ಆ ಊರಿನಲ್ಲಿ ತಲೆಮಾರುಗಳಿಂದ ಬೆಳೆದುಬಂದ ಒಂದು ಪ್ರತ್ಯೇಕ ಸನ್ನೆಭಾಷೆಯೇ ಇದೆ. ಕಿವಿ ಕೇಳುವ ನೆರೆಹೊರೆಯವರೂ ಅದನ್ನು ಬಳಸುತ್ತಾರೆ. ಶಿಬಾಜಿ ಪಂಡಾ ಎಂಬ ಭಾಷಾಶಾಸ್ತ್ರಜ್ಞರು ಅದನ್ನು ಅಭ್ಯಾಸ ಮಾಡಿ ಬರೆದಿದ್ದಾರೆ. ಕಿವುಡರು ಹೆಚ್ಚಿದ್ದ ಕಡೆ ಊರೇ ಅವರ ಭಾಷೆ ಕಲಿಯಿತು. ಒಬ್ಬರೇ ಇದ್ದ ಕಡೆ?

ಈ ಪ್ರಶ್ನೆಗೆ ಉತ್ತರ ಗುರುವಾರ ಸಿಕ್ಕಿತು. ಅಂದು ಲಸಿಕೆಯ ದಿನ. ಒಂಬತ್ತು ತಿಂಗಳು ತುಂಬಿದ ಕೂಸುಗಳಿಗೆ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕುತ್ತಿದ್ದರು. ರುಬೆಲ್ಲಾ ಮಕ್ಕಳಿಗೆ ಬಂದರೆ ಸಣ್ಣ ಜ್ವರ, ಒಂದಿಷ್ಟು ಗಂಧೆ, ಅಷ್ಟೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಮಗು ಕಿವುಡಾಗಬಹುದು, ಕಣ್ಣು, ಹೃದಯಗಳಿಗೂ ತೊಂದರೆಯಾಗಬಹುದು. 2017ರ ಫೆಬ್ರವರಿಯಲ್ಲಿ ಈ ಲಸಿಕೆಯ ಅಭಿಯಾನ ಮೊದಲು ಆರಂಭವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ನರ್ಸಮ್ಮ ಇದನ್ನು ನಮಗೆ ವಿವರಿಸುತ್ತಿರುವಾಗಲೇ ಆರು ತಿಂಗಳ ಬಸುರಿಯೊಬ್ಬಳು ಅತ್ತೆಯೊಡನೆ ಬಂದಳು. ವಯಸ್ಸಿನಲ್ಲಿ ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಹುಟ್ಟಿನಿಂದ ಕಿವಿ ಕೇಳದು. ಶಾಲೆಯ ಮುಖ ನೋಡಿದವಳಲ್ಲ.

ರಕ್ತ ಪರೀಕ್ಷೆ ಮಾಡಿದರು. ಬಸುರಿಗೆ 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 8.4 ಇತ್ತು. ಎರಡು ತಿಂಗಳಿಂದ ಕಬ್ಬಿಣದ ಮಾತ್ರೆ ಕೊಟ್ಟರೂ ಏರಿರಲಿಲ್ಲ. ನರ್ಸಮ್ಮ ಆಕೆಯ ಮುಖ ನೋಡಿ, “ಮಾತ್ರೆ ನುಂಗ್ತಿದ್ದೀಯೇನವ್ವ?” ಎಂದು ಕೈಮಾಡಿ ಕೇಳಿದರು. ಅತ್ತೆ, “ನಾನೇ ದಿನಾ ಕೈಗ್ ಕೊಡ್ತೀನಿ ಸಿಸ್ಟರಮ್ಮ. ನುಂಗ್ತಾಳೆ. ಸಂದಾಗವ್ಳೆ, ಏನೂ ಆಗಿಲ್ಲ” ಎಂದಳು. ಅತ್ತೆಯಲ್ಲಿ ಕಪಟವಿರಲಿಲ್ಲ, ಪ್ರೀತಿಯಿಂದಲೇ ಹೇಳಿದಳು. ಆದರೆ ಕೇಳಿದ್ದು ಸೊಸೆಯನ್ನು, ಉತ್ತರ ಬಂದದ್ದು ಅತ್ತೆಯಿಂದ. ಸೊಸೆ ನೆಲ ನೋಡುತ್ತ ಕುಳಿತಿದ್ದಳು. ಅವರು ಹೋದ ಮೇಲೆ ನರ್ಸಮ್ಮ, “ಇವಳೊಬ್ಬಳ ಹತ್ತಿರ ಮಾತಾಡೋ ದಾರಿ ನನಗೆ ಗೊತ್ತಾಗಲಿಲ್ಲ ನೋಡಮ್ಮ” ಎಂದು ನಿಟ್ಟುಸಿರಿಟ್ಟರು. ನಮ್ಮ ಶಿಕ್ಷಕರನ್ನು ಕೇಳೋಣವೆ ಎಂದು ನಾನು ಹೇಳಿದೆ. ಅವರು ಕೂಡಲೆ ಒಪ್ಪಿದರು.

ಶುಕ್ರವಾರ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಬಂದರು. ಶಿಕ್ಷಕರ ಸನ್ನೆಭಾಷೆ ಆ ಹುಡುಗಿಗೆ ಗೊತ್ತಿಲ್ಲ. ಮನೆಯಲ್ಲಿ ತಾನೇ ಕಟ್ಟಿಕೊಂಡ ಕೆಲವು ಸನ್ನೆಗಳಷ್ಟೇ ಆಕೆಯ ಬಂಡವಾಳ. ಹಾಗಾಗಿ ಶಿಕ್ಷಕರು ಕಾಲು ಗಂಟೆ ಕಾಯಿಲೆಯ ಮಾತನ್ನೇ ಎತ್ತಲಿಲ್ಲ. ಆಕೆ ಎರಡು ಬೆರಳನ್ನು ಕೊಂಬಿನಂತೆ ತಲೆಗಿಟ್ಟು ಹಸುವನ್ನು ಹೇಳಿದಳು. ಅವರು ಹಾಲು ಎಷ್ಟು ಎಂದು ಕೇಳಿದರು. ಆಕೆ ಮನೆಯವರನ್ನು ಒಬ್ಬೊಬ್ಬರಾಗಿ ತೋರಿಸಿದಳು. ಗಂಡನಿಗೆ ಮೀಸೆ, ಅತ್ತೆಗೆ ದೊಡ್ಡ ಕುಂಕುಮ. ಅತ್ತೆಯೂ ನಕ್ಕಳು. ಆಮೇಲೆ ಅವರು ಮಾತ್ರೆಯ ಚೀಟಿಯನ್ನು ಮೇಜಿನ ಮೇಲಿಟ್ಟರು.

ಹುಡುಗಿಯ ಮುಖ ಬದಲಾಯಿತು. ಮಾತ್ರೆ ತೋರಿಸಿದಳು, ತನ್ನ ಕಪ್ಪು ಜಡೆ ಹಿಡಿದು ತೋರಿಸಿದಳು, ಹೊಟ್ಟೆಯ ಮೇಲೆ ಕೈಯಿಟ್ಟಳು, ಕಣ್ಣು ಮುಚ್ಚಿ ತಲೆ ವಾಲಿಸಿದಳು. ಕಡೆಗೆ ಹಿತ್ತಿಲಿನ ಕಡೆಗೆ ಏನನ್ನೋ ಎಸೆಯುವಂತೆ ಮಾಡಿದಳು. ಶಿಕ್ಷಕರು ಎರಡು ಸಲ ಕೇಳಿ ದೃಢಪಡಿಸಿಕೊಂಡು ಮಗಳಿಗೆ ಹೇಳಿದರು. ವಿಷಯ ಇಷ್ಟೆ. ಕಬ್ಬಿಣದ ಮಾತ್ರೆ ನುಂಗಿದರೆ ಬಹಿರ್ದೆಸೆಯ ಬಣ್ಣ ಕಪ್ಪಾಗುತ್ತದೆ. ಅದು ಸಹಜ, ಅಪಾಯವಿಲ್ಲ ಎಂದು ಉಳಿದ ಬಸುರಿಯರಿಗೆಲ್ಲ ನರ್ಸಮ್ಮ ಬಾಯಲ್ಲಿ ಹೇಳಿರುತ್ತಾರೆ. ಈಕೆಗೆ ಹೇಳಿದವರಿಲ್ಲ. ಒಳಗಿನ ಮಗು ಸಾಯುತ್ತಿದೆಯೆಂದು ಹೆದರಿ, ಎರಡು ತಿಂಗಳಿಂದ ಅತ್ತೆ ಕೊಟ್ಟ ಮಾತ್ರೆಯನ್ನು ಹಿತ್ತಿಲಿಗೆ ಎಸೆಯುತ್ತಿದ್ದಳು. ಆ ಹೆದರಿಕೆಯನ್ನು ಎರಡು ತಿಂಗಳು ಒಬ್ಬಳೇ ಹೊತ್ತಿದ್ದಳು.

ನರ್ಸಮ್ಮ ಎದ್ದು ಹೋಗಿ ಆಕೆಯ ತಲೆ ಸವರಿದರು. ಶಿಕ್ಷಕರು ಕಿಟಕಿಯ ಕಬ್ಬಿಣದ ಸರಳನ್ನು ಮುಟ್ಟಿ, ಕಪ್ಪು ಬಣ್ಣ ಅದರದೇ ಎಂದು ತೋರಿಸಿ, ಕಣ್ಣಿನ ರೆಪ್ಪೆಯನ್ನು ಎಳೆದು ಕೆಂಪು ರಕ್ತವನ್ನು ತೋರಿಸಿ, ತೋಳಿನ ಬಲವನ್ನೂ ಹೊಟ್ಟೆಯೊಳಗಿನ ಮಗುವಿನ ಒದೆತವನ್ನೂ ಅಭಿನಯಿಸಿದರು. ಊಟವಾದ ಮೇಲೆ ನುಂಗುವುದು, ಟೀ ಜೊತೆ ಬೇಡ, ನಿಂಬೆಯ ಪಾನಕ ಒಳ್ಳೆಯದು ಎಂಬುದನ್ನೂ ಕೈಯಲ್ಲೇ ಹೇಳಿದರು. ಆಕೆ ನಮ್ಮೆಲ್ಲರ ಮುಂದೆ ಒಂದು ಮಾತ್ರೆ ನುಂಗಿ ಬಾಯಿ ತೆರೆದು ತೋರಿಸಿದಳು. ಒಂದು ತಿಂಗಳ ಮೇಲೆ ನಾನು ಫೋನ್ ಮಾಡಿದಾಗ ಹಿಮೋಗ್ಲೋಬಿನ್ 9.5ಕ್ಕೆ ಏರಿದೆಯೆಂದು ನರ್ಸಮ್ಮ ತಿಳಿಸಿದರು.

ಅಂದು ರಾತ್ರಿ ಬೆಂಕಿ ಕಾಯಿಸಿಕೊಳ್ಳುತ್ತ ಕುಳಿತಿದ್ದಾಗ ಶಿಬಿರಾಧಿಕಾರಿಗಳಾದ ನಮ್ಮ ಕನ್ನಡ ಅಧ್ಯಾಪಕರು ಒಂದು ಮಾತು ಹೇಳಿದರು. ಸಂಸ್ಕೃತದಲ್ಲಿ ‘ಶ್ರು’ ಎಂಬ ಧಾತುವಿಗೆ ಕೇಳುವುದು ಎಂದರ್ಥ. ಶ್ರವಣ, ಶ್ರುತಿ ಎಲ್ಲ ಅದರಿಂದಲೇ ಬಂದವು. ಕುಡಿಯುವ ಇಚ್ಛೆ ಪಿಪಾಸೆ, ತಿಳಿಯುವ ಇಚ್ಛೆ ಜಿಜ್ಞಾಸೆ ಆದಂತೆ, ಕೇಳುವ ಇಚ್ಛೆ ಶುಶ್ರೂಷೆ. ಗುರುವಿನ ಮಾತನ್ನು ಕೇಳುವ ಆಸೆಯಿಂದ ಶಿಷ್ಯ ಹತ್ತಿರವಿದ್ದು ಸೇವೆ ಮಾಡುತ್ತಿದ್ದುದರಿಂದ ಆ ಪದಕ್ಕೆ ಸೇವೆಯೆಂಬ ಅರ್ಥ ಬಂತು. ಆಮೇಲೆ ರೋಗಿಯ ಉಪಚಾರವೆಂದಾಯಿತು. ಹಾಗಾದರೆ ಶುಶ್ರೂಷೆಯ ಬೇರಿನಲ್ಲಿರುವುದು ಸೂಜಿಯೂ ಅಲ್ಲ, ಔಷಧಿಯೂ ಅಲ್ಲ. ರೋಗಿ ಹೇಳುವುದನ್ನು ಕೇಳಬೇಕೆಂಬ ಆಸೆ. ರೋಗಿ ಬಾಯಲ್ಲಿ ಹೇಳಲಾರದಿದ್ದರೆ ಕಣ್ಣಿನಿಂದ ಕೇಳಬೇಕು. ಅದಕ್ಕೆ ಬೇಕಾದ ಭಾಷೆಯನ್ನು ಕಲಿಯಬೇಕು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಮೇಲೆ ಬರೆದ ಪುಸ್ತಕದಲ್ಲಿ ಸದ್ದನ್ನು ಕುರಿತೇ ಒಂದು ಅಧ್ಯಾಯವಿದೆಯಂತೆ. ಸದ್ದಿನ ವಿಷಯ ಬಂದಾಗ ನನಗೆ ಅಪ್ಪನ ನೆನಪಾಗದೆ ಹೇಗಿದ್ದೀತು?

ನಮ್ಮ ಅಪ್ಪ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ ಇಪ್ಪತ್ತೆಂಟು ವರ್ಷ ಕಳೆದವರು. ದಿನಕ್ಕೆ ಎಂಟು ಗಂಟೆ 85 ಡೆಸಿಬಲಿಗೆ ಮೀರಿದ ಸದ್ದಿನಲ್ಲಿದ್ದರೆ ಕಿವಿ ಕೆಡುತ್ತದೆಂದು ತಜ್ಞರು ಹೇಳುತ್ತಾರೆ. ಮಗ್ಗದ ಮನೆಯಲ್ಲಿ ಅದು 90ನ್ನು ಸಲೀಸಾಗಿ ದಾಟುತ್ತದೆ. ನಮ್ಮವರು ಹತ್ತು ಹನ್ನೆರಡು ಗಂಟೆ ದುಡಿಯುತ್ತಾರೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಸ್ವರ. ಸಕಾರ, ಶಕಾರ, ತಕಾರಗಳು ಮಸುಕಾಗುತ್ತವೆ. ಮಾತಿನ ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನಾಲ್ಕೈದು ವರ್ಷದಿಂದ ಅಪ್ಪ ಎಲ್ಲಕ್ಕೂ ‘ಹೂಂ’ ಎನ್ನುತ್ತಾರೆ. ನೆಂಟರು ಇದನ್ನು ಬಿಗುಮಾನ ಎನ್ನುತ್ತಾರೆ.

ಆದರೆ ಮಗ್ಗದ ಮನೆಯಲ್ಲಿ ಅಪ್ಪ ಬೇರೆಯೇ ಮನುಷ್ಯ. ಅಲ್ಲಿ ಯಾರಿಗೂ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ಎಲ್ಲರೂ ಕೈಯಲ್ಲೇ ಆಡುತ್ತಾರೆ. ಕಂಡಿಕೆ ಮುಗಿಯಿತು, ಹಾಸಿನ ಎಳೆ ಕಡಿಯಿತು, ಟೀ ಬಂತು, ಮಗ್ಗ ನಿಲ್ಲಿಸು, ಮಗ್ಗ ಓಡಿಸು ಎಂಬುದಕ್ಕೆಲ್ಲ ಒಂದೊಂದು ಸನ್ನೆ ಉಂಟು. ಇಂಗ್ಲೆಂಡಿನ ಲ್ಯಾಂಕಾಶೈರಿನ ಹತ್ತಿಗಿರಣಿಗಳಲ್ಲಿಯೂ ನೇಯುವ ಹೆಂಗಸರು ತುಟಿಯ ಚಲನೆ ನೋಡಿಯೇ ಮಾತನಾಡುತ್ತಿದ್ದರಂತೆ. ಕಿವಿ ಸೋತ ಕಡೆ ಕಣ್ಣು ಕೈಗಳು ಮುಂದೆ ಬರುವುದು ಎಲ್ಲ ದೇಶಗಳಲ್ಲಿಯೂ ಒಂದೇ.

ಶಿಬಿರ ಮುಗಿದ ಮೇಲೆ ಒಂದು ಭಾನುವಾರ ನಾನು ಅಪ್ಪನ ಎದುರಿಗೆ, ಮುಖಕ್ಕೆ ಬೆಳಕು ಬೀಳುವಂತೆ ಕುಳಿತು, ಜಿ.ಎನ್.ಎಂ. ವಿಷಯವನ್ನು ನಿಧಾನವಾಗಿ ಹೇಳಿದೆ. ಖರ್ಚೆಷ್ಟು, ವರ್ಷವೆಷ್ಟು, ಎಲ್ಲವನ್ನೂ ಬೆರಳಿನಲ್ಲಿ ಎಣಿಸಿ ತೋರಿಸಿದೆ. ಅಪ್ಪ ಈ ಸಲ ‘ಹೂಂ’ ಎನ್ನಲಿಲ್ಲ. ನಾಲ್ಕು ಪ್ರಶ್ನೆ ಕೇಳಿದರು. ಸಾಲ ಮಾಡಬೇಕಾದೀತೇ ಎಂದರು. ಆದೀತು ಎಂದೆ. ಬಹಳ ಹೊತ್ತು ಯೋಚಿಸಿ, ‘ಮಗ್ಗ ಓಡಿಸು’ ಎಂಬ ಸನ್ನೆ ಮಾಡಿ ಎದ್ದುಹೋದರು. ಅತ್ತೆಗೆ ಇನ್ನೂ ಸಮಾಧಾನವಾಗಿಲ್ಲ. ಅಪ್ಪನನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದೊಯ್ಯಬೇಕೆಂದು ಅಮ್ಮನೂ ನಾನೂ ಮಾತನಾಡಿಕೊಂಡಿದ್ದೇವೆ.

ಕಡೆಯದಾಗಿ ನನ್ನ ಕಿರಿಯ ಸೋದರ ಸೋದರಿಯರಲ್ಲಿ ಒಂದು ವಿನಂತಿ. ನೀವೆಲ್ಲರೂ ನರ್ಸುಗಳಾಗಬೇಕಿಲ್ಲ. ಆದರೆ ನಮ್ಮಲ್ಲಿ ಕೆಲವರು ಬ್ಯಾಂಕಿನ ಕಿಟಕಿಯ ಹಿಂದೆ, ಕೆಲವರು ನಾಡಕಚೇರಿಯ ಮೇಜಿನ ಹಿಂದೆ, ಕೆಲವರು ಶಾಲೆಯ ಕರಿಹಲಗೆಯ ಮುಂದೆ ನಿಲ್ಲುವವರು. ಅಲ್ಲೆಲ್ಲ ಹೆಸರು ಕೂಗಿ ಕರೆಯುವ ಪದ್ಧತಿ. ಕೂಗಿದ್ದು ಕೇಳಿಸದೆ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕುಳಿತು ಹಿಂದಿರುಗುವವರು ಇದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸನ್ನೆಭಾಷೆಯನ್ನೂ ಸಂವಹನವೆಂದು ಒಪ್ಪಿದೆ. ಕಾಯಿದೆ ಒಪ್ಪಿದ್ದನ್ನು ನಮ್ಮ ಕೈಗಳು ಕಲಿಯಬೇಕಲ್ಲವೆ? ‘ಹೆಸರು ಏನು’, ‘ನೋವು ಎಲ್ಲಿ’, ‘ಕುಳಿತುಕೊಳ್ಳಿ’, ‘ನಾನಿದ್ದೇನೆ’ ಇಷ್ಟನ್ನು ಕಲಿಯಲು ಒಂದು ಸಂಜೆ ಸಾಕು. ಪ್ರತಿ ವರ್ಷದ ಶಿಬಿರದಲ್ಲಿಯೂ ಅಂಥ ಒಂದು ಸಂಜೆಯನ್ನು ಇಡಬೇಕೆಂದು ನಮ್ಮ ಕಾಲೇಜಿನ ಹಿರಿಯರನ್ನು ಬೇಡುತ್ತೇನೆ. ಮುಂದಿನ ಚಳಿಗಾಲದ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆದರೆ ಆ ಸಂಜೆ ಯಾರಾದರೂ ಕರೆದರೆ, ಎಲ್ಲಿದ್ದರೂ ರಜೆ ಹಾಕಿ ಬಂದು ನನಗೆ ತಿಳಿದಷ್ಟನ್ನು ಕಲಿಸಿಕೊಡುತ್ತೇನೆ.